ಗಾಡಿಯ ತೋಳು

ಅಕ್ಕಂದಿರೇ, ಮಳೆ ಬಂದರೆ ನಮ್ಮ ತ್ಯಾವಣಿಗೆ ಕಡೆ ಚಾನಲ್ ಏರಿಯ ದಾರಿ ಹೇಗಿರುತ್ತದೆ? ನಿಮಗೇ ಗೊತ್ತು. ಬರೀ ಗುಂಡಿ, ಕೆಸರು. ಅದೇ ದಾರೀಲಿ ಬೊಲೆರೊ ಗಾಡಿ ಅಡಿಕೆ ತೋಟಕ್ಕೆ ಹೋಗಬೇಕು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಅಂಥ ಗಾಡಿ ಇದೆ. ಅದರ ಬಾಡಿಗೆಯೇ ಮನೆಗೆ ಆಧಾರ. ಕಳೆದ ಮಳೆಗಾಲದಲ್ಲಿ ಗಾಡಿ ಗುಂಡಿಗೆ ಇಳಿದಾಗಲೆಲ್ಲ ಮುಂದೆ 'ಕಟ್ ಕಟ್' ಶಬ್ದ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಎಡಗಡೆ ಟೈರು ಒಂದೇ ಅಂಚಿನಲ್ಲಿ ಸವೆದಿತ್ತು. ಮೇಸ್ತ್ರಿ ನೋಡಿ, "ಲೋವರ್ ಆರ್ಮ್ ಹೋಗೈತೆ" ಅಂದರು.

ಆರ್ಮ್ ಅಂದರೆ ತೋಳು. ಎತ್ತಿನ ಗಾಡಿಯ ಎರಡು ಗಾಲಿಗೂ ಒಂದೇ ಅಚ್ಚು. ಒಂದು ಗಾಲಿ ಗುಂಡಿಗೆ ಬಿದ್ದರೆ ಇಡೀ ಗಾಡಿ ವಾಲುತ್ತದೆ. ಹಳೇ ಜೀಪಿಗೂ ಮುಂದೆ ಒಂದೇ ಅಚ್ಚು, ಪಟ್ಟಿ. 2000ದಲ್ಲಿ ಬಂದ ಬೊಲೆರೊ ಹಾಗಲ್ಲ. ಮುಂದಿನ ಒಂದೊಂದು ಗಾಲಿಗೂ ಬೇರೆ ಬೇರೆ ತೋಳು. ಮೇಲೊಂದು, ಕೆಳಗೊಂದು. ತೋಳಿನ ಭುಜದ ಕಡೆ ರಬ್ಬರ್ ಬುಶ್ ಇರುತ್ತದೆ. ಮಣಿಕಟ್ಟಿನ ಕಡೆ ಬಾಲ್ ಜಾಯಿಂಟ್ ಇರುತ್ತದೆ. ಇವು ಸವೆದರೆ ಗಾಲಿ ಅಲ್ಲಾಡುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಓಡುವ ಗಾಡಿಯ ಗಾಲಿಯೇ ಮಡಚಿಕೊಳ್ಳುತ್ತದೆ.

ಕೂಲಿ ಉಳಿಯಲಿ ಅಂತ ಅಕ್ಕನ ಯಜಮಾನರು ಮನೆಯಲ್ಲೇ ಕೆಲಸಕ್ಕೆ ಇಳಿದರು. ದಾವಣಗೆರೆಯಿಂದ ಹೊಸ ಆರ್ಮ್ ತಂದರು. ಅಂಗಳದಲ್ಲಿ ಜಾಕ್ ಕೊಟ್ಟು ಗಾಡಿ ಎತ್ತಿದರು. ಅಕ್ಕ ಡಬ್ಬಿ ಕೈಗೆ ತಗೊಂಡು ನೋಡಿದಳು.

"ರೀ, ಇದು ಬಲಗಡೇದು. ನಮಗೆ ಬೇಕಾಗಿದ್ದು ಎಡಗಡೇದು."

"ನಿಂಗ್ಯಾರು ಹೇಳಿದ್ರು?"

"ಡಬ್ಬಿ ಮೇಲೇ ಬರೆದೈತಲ್ಲ."

ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ಆರ್ ಎಚ್' ಎಂದಿತ್ತು. ಅಂದರೆ ಬಲಗಡೆ. 'ಎಲ್ ಎಚ್' ಅಂದರೆ ಎಡಗಡೆ. ನಿಂತ ಕಡ್ಡಿಯ ಬುಡಕ್ಕೆ ಬಲಕ್ಕೊಂದು ಕಡ್ಡಿ ಇಟ್ಟರೆ ಅದೇ 'ಎಲ್'. ಈ ಎರಡು ಅಕ್ಷರ ಕೇಂದ್ರದಲ್ಲಿ ಹೇಳಿಕೊಟ್ಟಿದ್ದೆ. ಇಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ನನಗೂ ಗೊತ್ತಿರಲಿಲ್ಲ!

ಯಜಮಾನರು ಆರ್ಮ್ ಬದಲಾಯಿಸಲು ಮತ್ತೆ ದಾವಣಗೆರೆಗೆ ಹೋದರು. ಅವರು ಬರುವುದರೊಳಗೆ ಹಸಿ ನೆಲದಲ್ಲಿ ಜಾಕ್ ವಾಲಿತು. ಗಾಡಿ ಧಡ್ ಅಂತ ಕೂತಿತು. ಬೊಲೆರೊ ತೂಕ 15 ಕ್ವಿಂಟಲ್‌ಗೂ ಹೆಚ್ಚು. ಅದರ ಕೆಳಗೆ ಆಗ ಯಾರೂ ಇರಲಿಲ್ಲ.

ಜಾಕ್ ಇರುವುದು ಗಾಡಿ ಎತ್ತಲಿಕ್ಕೆ ಮಾತ್ರ. ಎತ್ತಿದ ಮೇಲೆ ಚಾಸಿ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ. ಅವು ಭಾರಕ್ಕೆ ಒಮ್ಮೆಲೇ ಒಡೆಯುತ್ತವೆ. ನೆಲ ಗಟ್ಟಿ, ಸಮ ಇರಬೇಕು. ಹಿಂದಿನ ಗಾಲಿಗೆ ಕಲ್ಲು ಕೊಡಿ. ಮಕ್ಕಳನ್ನು ದೂರ ಕಳಿಸಿ.

ಇನ್ನೊಂದು ಅಪಾಯ ಇದೆ. ಬೊಲೆರೊದ ಕೆಳಗಿನ ತೋಳಿನ ಮೇಲೆ ಸುರುಳಿ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತದೆ. ತೋಳು ಬಿಚ್ಚಿದ ಕೂಡಲೇ ಅದು ಚಿಮ್ಮುತ್ತದೆ, ಮೂಳೆ ಮುರಿಯುವಷ್ಟು ಜೋರಾಗಿ. ಅದನ್ನು ಹಿಡಿದಿಡುವ ಸಾಧನ ಬೇಕು. ಅದಿಲ್ಲದಿದ್ದರೆ ಈ ಕೆಲಸ ಮನೆಯಲ್ಲಿ ಮಾಡಲೇಬಾರದು. ನನ್ನ ಮಾತು ಕೇಳಿ, ಇಲ್ಲಿ ಕೂಲಿ ಉಳಿಸಲು ಹೋಗಬೇಡಿ.

ಆ ಮನೆಯವರು ಮೇಸ್ತ್ರಿಯನ್ನೇ ಸಾಧನ ಸಮೇತ ಕರೆಸಿದರು. ಸಿಮೆಂಟ್ ಕಣದಲ್ಲಿ ಸ್ಟ್ಯಾಂಡ್ ಕೊಟ್ಟು ಕೆಲಸ ನಡೆಯಿತು. ಮೇಸ್ತ್ರಿ "17 ಕೊಡಮ್ಮ, 19 ಕೊಡಮ್ಮ" ಅಂದಂತೆ ಅಕ್ಕ ಸ್ಪ್ಯಾನರಿನ ಅಂಕಿ ಓದಿ ಕೊಟ್ಟಳು. ಬುಶ್ಶಿನ ಬೋಲ್ಟನ್ನು ಅವರು ಮೊದಲು ಸಡಿಲವಾಗೇ ಹಾಕಿದರು. ಗಾಡಿ ಕೆಳಗಿಳಿಸಿ, ಗಾಲಿಯ ಮೇಲೆ ಭಾರ ಬಿದ್ದ ಮೇಲೆ ಪೂರ್ತಿ ಬಿಗಿ ಮಾಡಿದರು. ಗಾಡಿ ಎತ್ತಿದ್ದಾಗಲೇ ಬಿಗಿ ಮಾಡಿದರೆ, ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದಂತೆ. ಬಾಲ್ ಜಾಯಿಂಟಿನ ನಟ್ಟಿಗೆ ಹೊಸ ಪಿನ್ ಹಾಕಿದರು. ಮರುದಿನ ಅಲೈನ್‌ಮೆಂಟ್ ಮಾಡಿಸಿದರು.

ಓದಿ: ತೋಳು, ಜಾಕ್, ಸ್ಟ್ಯಾಂಡ್, ಸ್ಪ್ರಿಂಗ್, ಬೋಲ್ಟ್.

ನಿಮ್ಮ ಮನೆಯ ಸ್ಪ್ಯಾನರ್ ತನ್ನಿ. ಅದರ ಮೇಲಿನ ಅಂಕಿ ಓದಿ, ಇಲ್ಲಿ ಬರೆಯಿರಿ.