ಆರೋಗ್ಯ ಪ್ರಶ್ನೋತ್ತರ: ಕ್ಯಾನ್ಸರ್ ಟ್ರಯಲ್‌ಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನನ್ನ ತಂದೆಗೆ 56 ವರ್ಷ. ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಆಪರೇಷನ್ ಮತ್ತು ನಂತರದ ಚಿಕಿತ್ಸೆಯ ಬಗ್ಗೆ ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ ಎಂದು ಆಸ್ಪತ್ರೆಯವರು ಕೇಳಿದ್ದಾರೆ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ಆರಿಸುತ್ತದಂತೆ. ಡಾಕ್ಟರಿಗೇ ಗೊತ್ತಿಲ್ಲವೆಂದರೆ ನಾವು ಗಿನಿಪಿಗ್ ಆಗಬೇಕೇ?
— ಓದುಗರು, ಹಾವೇರಿ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಅದು ತಪ್ಪು ಜಾಗಕ್ಕೆ ತಿರುಗಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ವೈದ್ಯರು ನಿಮಗೆ ಸಿಕ್ಕಿದ್ದಾರೆ. ನಿಮ್ಮ ತಂದೆಯ ಕಾಯಿಲೆಯದೇ ಉದಾಹರಣೆ ತೆಗೆದುಕೊಳ್ಳಿ. ಬಾಯಿಯಲ್ಲಿ ಸಣ್ಣ ಗೆಡ್ಡೆ ಇದೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲ. ಬಾಯಿಯ ಆಪರೇಷನ್ ಜೊತೆಗೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆದುಬಿಡಬೇಕೇ, ಅಥವಾ ಗಂಟು ಕಾಣಿಸಿಕೊಂಡಾಗ ನೋಡಿಕೊಂಡರೆ ಸಾಕೇ? ದಶಕಗಳ ಕಾಲ ಸರ್ಜನ್ನರು ಇದರ ಬಗ್ಗೆ ಎರಡು ಪಂಗಡವಾಗಿದ್ದರು. ಎರಡೂ ಕಡೆ ಅನುಭವಿಗಳಿದ್ದರು, ತಮ್ಮ ದಾರಿಯೇ ಸರಿ ಎಂಬ ನಂಬಿಕೆಯೂ ಎರಡೂ ಕಡೆ ಇತ್ತು. ಕಾಯುವವರ ಬಳಿ ಹೋದ ರೋಗಿ ಕಾಯುತ್ತಿದ್ದ, ತೆಗೆಯುವವರ ಬಳಿ ಹೋದವನಿಗೆ ತೆಗೆಯುತ್ತಿದ್ದರು. ಯಾರ ಬಾಗಿಲು ತಟ್ಟಿದಿರಿ ಎಂಬುದರ ಮೇಲೆಯೇ ಚಿಕಿತ್ಸೆ ತೀರ್ಮಾನವಾಗುತ್ತಿತ್ತು. ಅದೂ ಒಂದು ಲಾಟರಿಯೇ. ಫಲಿತಾಂಶ ಬರೆದಿಡುವವರು ಮಾತ್ರ ಯಾರೂ ಇರಲಿಲ್ಲ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2004ರಲ್ಲಿ ಆ ಲಾಟರಿಯನ್ನು ಬಹಿರಂಗವಾಗಿ, ಲೆಕ್ಕ ಇಟ್ಟುಕೊಂಡು ನಡೆಸಲು ಶುರು ಮಾಡಿದರು. 500 ರೋಗಿಗಳ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 80, ಕಾದವರಲ್ಲಿ ಶೇ. 67.5. ಅಂದರೆ ಎಂಟು ಜನರಿಗೆ ಒಬ್ಬರಂತೆ ಹೆಚ್ಚು ಉಳಿದರು. ಹಾಗಾದರೆ ಕಾಯುವ ಗುಂಪಿಗೆ ಬಿದ್ದವರಿಗೆ ಅನ್ಯಾಯವಾಗಲಿಲ್ಲವೇ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅವರಿಗೆ ಸಿಕ್ಕಿದ್ದು ಆ ಹೊತ್ತಿಗೆ ಲೋಕದ ಒಳ್ಳೊಳ್ಳೆಯ ಆಸ್ಪತ್ರೆಗಳಲ್ಲಿ ಸಿಗುತ್ತಿದ್ದ ಚಿಕಿತ್ಸೆಯೇ. ಜೊತೆಗೆ, ಟ್ರಯಲ್ ನಡೆಸುವವರಿಂದ ಬೇರೆಯಾದ ಒಂದು ಸಮಿತಿ ನಡುನಡುವೆ ಅಂಕಿಅಂಶ ತೆರೆದು ನೋಡುತ್ತಿರುತ್ತದೆ. ವ್ಯತ್ಯಾಸ ಸ್ಪಷ್ಟವಾದಾಗ, ಮೊದಲು ಯೋಜಿಸಿದ್ದಷ್ಟು ರೋಗಿಗಳು ಸೇರುವ ಮುನ್ನವೇ ಈ ಟ್ರಯಲ್ ನಿಲ್ಲಿಸಲಾಯಿತು.

ಹೊಸದು ಒಳ್ಳೆಯದೆಂದು ಅನ್ನಿಸಿದರೆ ಎಲ್ಲರಿಗೂ ಕೊಟ್ಟುಬಿಡಿ, ಲಾಟರಿ ಯಾಕೆ ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಹಾಗೆಯೇ ಮಾಡಿದರು. ಸ್ತನ ಕ್ಯಾನ್ಸರ್ ಹರಡಿದ ಮಹಿಳೆಯರಿಗೆ ವಿಪರೀತ ಪ್ರಮಾಣದ ಕೀಮೋ ಕೊಟ್ಟು, ಆಮೇಲೆ ಅವರದೇ ಅಸ್ಥಿಮಜ್ಜೆಯ ಕೋಶಗಳನ್ನು ವಾಪಸು ತುಂಬುವ ಚಿಕಿತ್ಸೆ ಅದು. ಹೆಚ್ಚು ಕೊಟ್ಟರೆ ಕ್ಯಾನ್ಸರ್ ಹೆಚ್ಚು ಸಾಯುತ್ತದೆ ಎಂಬ ತರ್ಕ ಎಲ್ಲರಿಗೂ ಹಿಡಿಸಿತು. ವಿಮಾ ಕಂಪನಿಗಳ ವಿರುದ್ಧ ರೋಗಿಗಳು ಕೋರ್ಟಿಗೆ ಹೋಗಿ ಈ ಚಿಕಿತ್ಸೆ ಪಡೆದರು. ಟ್ರಯಲ್‌ಗೆ ಬರುವವರು ಬಹಳ ವಿರಳವಾದರು, ಏಕೆಂದರೆ ಹಳೆಯ ಚಿಕಿತ್ಸೆಯ ಗುಂಪಿಗೆ ಬೀಳಲು ಯಾರಿಗೂ ಇಷ್ಟವಿರಲಿಲ್ಲ. ಸಾವಿರಾರು ಮಹಿಳೆಯರು ಆ ನರಕವನ್ನು ಹಾದುಹೋದ ಮೇಲೆ, 1999ರಲ್ಲಿ ಒಟ್ಟಿಗೆ ಬಂದ ಐದು ಟ್ರಯಲ್‌ಗಳ ಪೈಕಿ ನಾಲ್ಕರಲ್ಲಿ ಏನೂ ಲಾಭ ಕಾಣಲಿಲ್ಲ. ಲಾಭವಿದೆ ಎಂದಿದ್ದ ದಕ್ಷಿಣ ಆಫ್ರಿಕಾದ ಒಂದೇ ಒಂದು ಅಧ್ಯಯನದಲ್ಲಿ ಮೋಸ ನಡೆದಿತ್ತೆಂದು ಮರುವರ್ಷ ಬಯಲಾಯಿತು. ನಿಜವಾಗಿ ಗಿನಿಪಿಗ್ ಆದವರು ಟ್ರಯಲ್‌ನ ಹೊರಗಿದ್ದ ಮಹಿಳೆಯರು.

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಒಂದು: ಹೊಸ ಚಿಕಿತ್ಸೆಯನ್ನು ಯಾವುದರ ಜೊತೆ ಹೋಲಿಸುತ್ತಿದ್ದೀರಿ? ಇಂದು ರೂಢಿಯಲ್ಲಿರುವ ಒಳ್ಳೆಯ ಚಿಕಿತ್ಸೆಯ ಜೊತೆ ಎಂದರೆ ಧೈರ್ಯವಾಗಿ ಯೋಚಿಸಿ. ಈ ನಡುವೆ ಬಯಾಪ್ಸಿ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ, ಕುತ್ತಿಗೆಯ ಸ್ಕ್ಯಾನ್ ಆಗಿದೆಯೇ ಕೇಳಿ. ರೇಡಿಯೇಷನ್ ಇದ್ದರೆ ಮೊದಲು ಹಲ್ಲಿನ ವೈದ್ಯರ ಬಳಿ ಹೋಗಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಇದ್ದರೆ ಕಿಡ್ನಿಯ ಕ್ರಿಯಾಟಿನಿನ್ ಮತ್ತು ಕಿವಿಯ ಪರೀಕ್ಷೆ ತಪ್ಪಿಸಬೇಡಿ. ತಂಬಾಕಿನ ವಿಷಯ ಈ ಅಂಕಣದಲ್ಲಿ ಇನ್ನೊಮ್ಮೆ ಬರೆಯುವ ಅಗತ್ಯವಿಲ್ಲ ಅಂದುಕೊಂಡಿದ್ದೇನೆ.

ಪ್ರಶ್ನೆ: ಅಮ್ಮನಿಗೆ ಕೀಮೋ ನಡೆಯುತ್ತಿದೆ. ವಾಂತಿಗೆಂದು ಕೊಟ್ಟ ಓಲಾನ್ಜಪಿನ್ ಮಾತ್ರೆಯನ್ನು ಮೊಬೈಲಿನಲ್ಲಿ ಹುಡುಕಿದರೆ ಮಾನಸಿಕ ರೋಗದ್ದು ಎಂದು ಬಂತು. ಹಗಲಿಡೀ ಮಂಪರು ಬೇರೆ. ನಿಲ್ಲಿಸಿದ್ದೇವೆ. ಸರಿಯೇ?
— ಓದುಗರು, ತುಮಕೂರು

ಉತ್ತರ: ಸರಿಯಲ್ಲ. ಕೇಳಿ ನಿಲ್ಲಿಸಬೇಕಿತ್ತು. ಅದು ಮನೋರೋಗಕ್ಕೆ ಬಂದ ಔಷಧಿ ಎಂಬುದು ನಿಜ. ಆದರೆ ಮೆದುಳಿನಲ್ಲಿ ವಾಕರಿಕೆ ಎಬ್ಬಿಸುವ ಹಲವು ಗ್ರಾಹಕಗಳನ್ನೂ ಅದು ಒಟ್ಟಿಗೇ ತಡೆಯುತ್ತದೆ. ಉಳಿದ ವಾಂತಿ ಔಷಧಿಗಳ ಜೊತೆ ಇದನ್ನು ಸೇರಿಸಿದರೆ ವಾಕರಿಕೆ ಎಷ್ಟೋ ಹಿಡಿತಕ್ಕೆ ಬರುತ್ತದೆಂದು 2016ರಲ್ಲಿ 380 ರೋಗಿಗಳ ಟ್ರಯಲ್ ತೋರಿಸಿತು. ಆ ಅಧ್ಯಯನದಲ್ಲಿ ಕೊಟ್ಟದ್ದು 10 ಮಿಲಿಗ್ರಾಂ. ಮಂಪರಿನ ದೂರು ಎಲ್ಲೆಡೆ ಇತ್ತು. 2.5 ಮಿಲಿಗ್ರಾಂ ಸಾಕಾಗುತ್ತದೆಯೇ ಎಂದು ಟಾಟಾ ಮೆಮೋರಿಯಲ್‌ನವರು ಹೋಲಿಸಿ ನೋಡಿ 2024ರಲ್ಲಿ ಪ್ರಕಟಿಸಿದರು. ವಾಂತಿಯ ಹತೋಟಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಹಗಲಿನ ಮಂಪರು ಮಾತ್ರ ಸಣ್ಣ ಡೋಸಿನಲ್ಲಿ ಬಹಳ ಕಡಿಮೆ. ಇನ್ನೊಂದು ಕೇಳಿ. ಊಟ ಸೇರದೆ ಸೊರಗುತ್ತಿದ್ದ ರೋಗಿಗಳಿಗೆ ಇದೇ 2.5 ಮಿಲಿಗ್ರಾಂ ಮಾತ್ರೆಯನ್ನು 12 ವಾರ ಕೊಟ್ಟು ಪುದುಚೇರಿಯ ಜಿಪ್ಮರ್‌ನಲ್ಲಿ ನೋಡಿದರು. ಹೋಲಿಕೆಗೆ ಇನ್ನೊಂದು ಗುಂಪಿಗೆ ಕೊಟ್ಟದ್ದು ಔಷಧಿಯಿಲ್ಲದ ಮಾತ್ರೆ. ತೂಕ ಶೇ. 5ಕ್ಕಿಂತ ಹೆಚ್ಚು ಏರಿದ್ದು ಔಷಧಿ ಪಡೆದವರಲ್ಲಿ ಶೇ. 60 ಜನರಿಗೆ, ಬರೀ ಮಾತ್ರೆ ನುಂಗಿದವರಲ್ಲಿ ಶೇ. 9 ಜನರಿಗೆ. ಗೆಡ್ಡೆ ಕರಗಿಸುವ ಔಷಧಿ ಮಾತ್ರವೇ ಸಂಶೋಧನೆ ಎಂದುಕೊಂಡವರು ಇದನ್ನು ಗಮನಿಸಲಿ. ಕೀಮೋ ಪೂರ್ತಿ ಮುಗಿಸಲು ರೋಗಿಗೆ ಎರಡು ತುತ್ತು ಅನ್ನ ದಕ್ಕಬೇಕು. ಈಗ ನೀವು ಮಾಡಬೇಕಾದದ್ದು: ಡೋಸ್ ಎಷ್ಟೆಂದು ಚೀಟಿಯಲ್ಲಿ ನೋಡಿ, ಕಡಿಮೆ ಮಾಡಬಹುದೇ ಎಂದು ಫೋನ್ ಮಾಡಿ ಕೇಳಿ, ಮಾತ್ರೆ ರಾತ್ರಿ ಮಲಗುವಾಗ ಕೊಡಿ. ರಕ್ತದ ಸಕ್ಕರೆ ಮತ್ತು ಒಂದು ಇಸಿಜಿ ಮಾಡಿಸಿ. ವಾಂತಿ ಹೆಚ್ಚಿದ್ದರೆ ಸೋಡಿಯಂ, ಪೊಟ್ಯಾಸಿಯಂ ಇವತ್ತೇ ನೋಡಿಸಿ.

ಪ್ರಶ್ನೆ: ಅತ್ತಿಗೆಗೆ ಸ್ತನದಲ್ಲಿ ಗಂಟು. ಲಕ್ಷ್ಮಣ ಫಲದ ಎಲೆ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಯುತ ಎಂದು ಓದಿ ಕಷಾಯ ಕುಡಿಯುತ್ತಿದ್ದಾರೆ. ಪ್ರಕೃತಿಯದ್ದಾದ್ದರಿಂದ ಅಪಾಯವಿಲ್ಲ ತಾನೆ?
— ಓದುಗರು, ಪುತ್ತೂರು

ಉತ್ತರ: ಈ ಹತ್ತು ಸಾವಿರ ಪಟ್ಟಿನ ಸುದ್ದಿ ಎಷ್ಟು ವರ್ಷವಾದರೂ ಸಾಯುತ್ತಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಆ ಗಿಡದ ಸಾರ ಹಾಕಿದಾಗ ಕೋಶಗಳು ಸತ್ತವು, ಅಷ್ಟೇ. ಫಿನಾಯಿಲ್ ಸುರಿದರೂ ಸಾಯುತ್ತಿದ್ದವು. ಮನುಷ್ಯರ ಎರಡು ಗುಂಪು ಮಾಡಿ ಹೋಲಿಸಿ, ಕಷಾಯ ಕುಡಿದವರು ಹೆಚ್ಚು ಬದುಕಿದರು ಎಂದು ತೋರಿಸಿದ ಟ್ರಯಲ್ ಒಂದೂ ಇಲ್ಲ. ಅಪಾಯವಿಲ್ಲ ಎಂಬುದೂ ಸುಳ್ಳು. ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯವನ್ನು ಬಹಳ ಬಳಸುವವರಲ್ಲಿ ಪಾರ್ಕಿನ್ಸನ್ಸ್‌ನಂಥ ನರರೋಗ ಹೆಚ್ಚಿರುವುದನ್ನು ವೈದ್ಯರು 1999ರಲ್ಲೇ ವರದಿ ಮಾಡಿದ್ದಾರೆ. ಸಹಜ ಪದಾರ್ಥಗಳನ್ನು ವಿಜ್ಞಾನ ಪರೀಕ್ಷಿಸುವುದೇ ಇಲ್ಲ ಎಂಬ ಆಕ್ಷೇಪ ಬರುತ್ತದೆ. ಪರೀಕ್ಷಿಸಿದೆ. ಏಪ್ರಿಕಾಟ್ ಬೀಜದಿಂದ ಬರುವ ಲೇಟ್ರಿಲ್‌ಗೆ ಅಮೆರಿಕದಲ್ಲಿ ಜನ ಮುಗಿಬಿದ್ದಾಗ 178 ರೋಗಿಗಳಿಗೆ ಕೊಟ್ಟು ನೋಡಿ, 1982ರಲ್ಲಿ ಫಲಿತಾಂಶ ಹೇಳಿದರು: ಯಾರ ಕ್ಯಾನ್ಸರೂ ವಾಸಿಯಾಗಲಿಲ್ಲ, ಕೆಲವರ ರಕ್ತದಲ್ಲಿ ಸಯನೈಡ್ ಏರಿತು. ತರಕಾರಿಯ ಬೀಟಾ ಕ್ಯಾರೊಟಿನ್ ಶ್ವಾಸಕೋಶ ಕಾಪಾಡುತ್ತದೆಂದು ಎಲ್ಲರೂ ನಂಬಿದ್ದರು. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಟ್ರಯಲ್‌ನಲ್ಲಿ, ಅದರ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಬಂತೆಂದು 1994ರಲ್ಲಿ ಗೊತ್ತಾಯಿತು. ಹೋಲಿಸಿ ನೋಡದಿದ್ದರೆ ನಾವೆಲ್ಲ ಇಂದಿಗೂ ಅದನ್ನು ಬರೆದುಕೊಡುತ್ತಿದ್ದೆವು. ಅತ್ತಿಗೆಯ ಗಂಟು ಏನೆಂದೇ ಇನ್ನೂ ಗೊತ್ತಿಲ್ಲ, ನಿಮ್ಮ ಪತ್ರದಲ್ಲಿ ಬಯಾಪ್ಸಿಯ ಮಾತೇ ಇಲ್ಲ! ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬಿಟ್ಟು ಈ ವಾರವೇ ಮ್ಯಾಮೊಗ್ರಾಂ ಮತ್ತು ಬಯಾಪ್ಸಿ ಮಾಡಿಸಿ. ಕ್ಯಾನ್ಸರ್ ಎಂದಾದರೆ ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗೂ ಹೇಳಿ. ಗಂಟು ಕ್ಯಾನ್ಸರ್ ಅಲ್ಲದೆಯೂ ಇರಬಹುದು. ಆಗ ಕಷಾಯಕ್ಕೆ ಪುಕ್ಕಟೆ ಕೀರ್ತಿ ಬಂದುಬಿಡುತ್ತದೆ, ಅದೂ ನನಗೆ ಚಿಂತೆಯೇ.

ಪ್ರಶ್ನೆ: ನಿಮ್ಮಂಥವರು ಟ್ರಯಲ್ ಹೊಗಳುತ್ತೀರಿ. ಬಡವರ ಮೈಮೇಲೆ ಕಂಪನಿಗಳು ಪ್ರಯೋಗ ಮಾಡಿದ್ದು ಮರೆತಿರಾ?
— ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಮರೆತಿಲ್ಲ, ಮರೆಯಲೂಬಾರದು. ಆಗ ಆಂಧ್ರದಲ್ಲಿದ್ದ ಖಮ್ಮಂನಲ್ಲಿ 2009–10ರಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಟ್ಟ ಯೋಜನೆಯಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಪೋಷಕರ ಬದಲು ಹಾಸ್ಟೆಲ್ ವಾರ್ಡನ್ನರು ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಖಂಡಿಸಿತು. ಮುಂಬೈನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಗರ್ಭಕಂಠಕ್ಕೆ ವಿನಿಗರ್ ದ್ರಾವಣ ಹಚ್ಚಿ ಪರೀಕ್ಷಿಸಿದರೆ ಗರ್ಭಕಂಠದ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯುತ್ತದೆಂದು ಕಂಡುಬಂತು. ಉಪಯುಕ್ತ ಫಲಿತಾಂಶ. ಆದರೆ ಹೋಲಿಕೆಯ ಗುಂಪಿಗೆ ಸಿಕ್ಕಿದ್ದು ಆರೋಗ್ಯ ತಿಳಿವಳಿಕೆ ಮಾತ್ರ, ಪರೀಕ್ಷೆ ಅಲ್ಲ. ಈ ದೇಶದಲ್ಲಿ ರೂಢಿಯಲ್ಲಿದ್ದದ್ದೇ ಅದು ಎಂಬ ಸಮರ್ಥನೆ ಕೊಟ್ಟರು. ಆ ಸಮರ್ಥನೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಹಾವೇರಿಯವರಿಗೆ ಹೇಳಿದ ಪ್ರಶ್ನೆ ಇಲ್ಲಿಯೂ ಅದೇ, ಯಾವುದರ ಜೊತೆ ಹೋಲಿಸಿದ್ದೀರಿ. ಏನೂ ಕೊಡದಿರುವುದರ ಜೊತೆ ಎಂಬ ಉತ್ತರ ಬಂದರೆ ಏಕೆ ಎಂದು ಕೇಳುವ ಹಕ್ಕು ರೋಗಿಗಿದೆ.

ಆದರೆ ಟ್ರಯಲ್‌ಗಳೇ ಬೇಡವೆಂದರೆ ನಷ್ಟವಾಗುವುದು ಅದೇ ಬಡವರಿಗೆ. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿಯ ಪೂರ್ಣ ಡೋಸ್ ನಮ್ಮಲ್ಲಿ ಬಹುತೇಕರ ಕೈಗೆಟುಕುವುದಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರೂ ಫಲವಿದೆಯೇ ಎಂದು ಯಾವ ಕಂಪನಿ ಕೇಳೀತು? ಟಾಟಾ ಮೆಮೋರಿಯಲ್ ಕೇಳಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಉಲ್ಬಣಿಸಿದ್ದ 151 ಜನರಲ್ಲಿ, ಮಾತ್ರೆಯ ಕೀಮೋ ಜೊತೆ ಇದನ್ನೂ ಪಡೆದವರ ಪೈಕಿ ಒಂದು ವರ್ಷ ದಾಟಿದವರು ಶೇ. 43.4, ಪಡೆಯದವರಲ್ಲಿ ಶೇ. 16.3. ಒಂದೇ ಆಸ್ಪತ್ರೆಯ, ಚಿಕ್ಕ ಅಧ್ಯಯನ ಎಂಬುದನ್ನು ಮರೆಯಬಾರದು, ಆದರೂ ಬಡ ದೇಶ ತನ್ನ ಪ್ರಶ್ನೆಯನ್ನು ತಾನೇ ಕೇಳಿಕೊಂಡರೆ ಏನಾಗುತ್ತದೆಂದು ತೋರಿಸುತ್ತದೆ. ಕಾನೂನೂ ಬಿಗಿಯಾಗಿದೆ. 2009ರಿಂದ ಟ್ರಯಲ್‌ಗಳು ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯಾಗಬೇಕು. 2019ರ ನಿಯಮಗಳ ಪ್ರಕಾರ ಹೊಸ ಔಷಧಿಯ ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಲೇಬೇಕು. ನೋಂದಣಿ ಸಂಖ್ಯೆ ಕೇಳಿದಾಗ ಮುಖ ಸಿಂಡರಿಸುವವರ ಬಳಿ, ಅಥವಾ ಟ್ರಯಲ್ ಎಂದು ಹೇಳಿ ಹೊಸ ಔಷಧಿಗೆ ಲಕ್ಷಗಟ್ಟಲೆ ಬಿಲ್ ಮಾಡುವವರ ಬಳಿ ನಿಲ್ಲಬೇಡಿ.

ಪ್ರಶ್ನೆ: ತಾಯಿಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಫೇಸ್ ಒನ್ ಟ್ರಯಲ್‌ಗೆ ಸೇರಿಸಿದರೆ ಗುಣವಾಗುತ್ತದೆಯೇ? ಮಧ್ಯದಲ್ಲಿ ಬಿಡಬಹುದೇ?
— ಓದುಗರು, ಶಿರಸಿ

ಉತ್ತರ: ಫೇಸ್ ಒನ್‌ನಲ್ಲಿ ನೋಡುವುದು ಮುಖ್ಯವಾಗಿ ಎಷ್ಟು ಡೋಸ್ ದೇಹ ತಡೆದೀತು ಎಂಬುದನ್ನು. ಕೆಲವರಿಗೆ ಗೆಡ್ಡೆ ಕುಗ್ಗಬಹುದು, ಗುಣದ ಭರವಸೆ ಕೊಟ್ಟು ಸೇರಿಸಿಕೊಳ್ಳುವುದು ತಪ್ಪು. ಅದಕ್ಕೂ ಮೊದಲು ಗೆಡ್ಡೆಯ ತುಣುಕಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಮತ್ತು ಪಿಡಿ-ಎಲ್1 ಪರೀಕ್ಷೆ ಆಗಿದೆಯೇ? ಆಗಿಲ್ಲದಿದ್ದರೆ ಟ್ರಯಲ್ ಕಾಯಲಿ, ಪರೀಕ್ಷೆ ಮೊದಲು. ನೋವು, ಸಂಕಟ ಶಮನ ಮಾಡುವ ಪ್ಯಾಲಿಯೇಟಿವ್ ವೈದ್ಯರನ್ನೂ ಈಗಲೇ ಕಾಣಿ. ಅಲ್ಲಿಗೆ ಹೋದರೆ ಕೈಬಿಟ್ಟಂತೆ ಎಂದು ಹೆದರುವವರಿಗೆ ಬಾಸ್ಟನ್‌ನಲ್ಲಿ ಇದೇ ಕಾಯಿಲೆಯ 151 ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಟ್ರಯಲ್ ಉತ್ತರ. ಮಾಮೂಲಿ ಚಿಕಿತ್ಸೆಯ ಜೊತೆ ಆರಂಭದಿಂದಲೇ ಪ್ಯಾಲಿಯೇಟಿವ್ ಆರೈಕೆ ಪಡೆದವರ ಮಧ್ಯಾಂಕ (ಮೀಡಿಯನ್) ಬದುಕು 11.6 ತಿಂಗಳು, ಬರೀ ಮಾಮೂಲಿ ಚಿಕಿತ್ಸೆ ಪಡೆದವರದು 8.9. ಕೊನೆಗಾಲದಲ್ಲಿ ಅತಿಯಾದ ಚಿಕಿತ್ಸೆಯೂ ಆರೈಕೆ ಪಡೆದವರಲ್ಲೇ ಕಡಿಮೆ ಇತ್ತು. ಟ್ರಯಲ್‌ನಿಂದ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ, ಮಾಮೂಲಿ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆದರೆ ಹೇಳದೆ ಕೇಳದೆ ಮನೆಗೆ ಹೋಗಿ ಕೂರಬೇಡಿ. ಹೊಸ ಔಷಧಿಯ ಅಡ್ಡಪರಿಣಾಮ ತಡವಾಗಿಯೂ ಬರಬಹುದು. ಹೊರಬರುವ ದಿನ ಲಿವರ್, ಕಿಡ್ನಿ ಮತ್ತು ರಕ್ತಕಣಗಳ ಪರೀಕ್ಷೆ ಮಾಡಿಸಿ, ಫೈಲಿನ ಪ್ರತಿಯನ್ನೂ ಒಪ್ಪಿಗೆ ಪತ್ರದ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ.