ನಂಬಿಕಸ್ಥ ಉದ್ಯಮಿಗೆ ಆರು ಸೂತ್ರಗಳು

ಲಾಭ ಬರುತ್ತಿರುವಾಗ ಎಲ್ಲ ಯಜಮಾನರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ಕೈಯಿಂದ ದುಡ್ಡು ಹೋಗುವ ದಿನ ಯಾರು ಹೇಗೆ ನಡೆದುಕೊಂಡರು ಎಂಬುದನ್ನು ಜನ ಮರೆಯುವುದಿಲ್ಲ. ನಂಬಿಕೆ ಕುದುರುವುದು ಅಂಥ ದಿನವೇ.

1. ಕೆಟ್ಟ ಸುದ್ದಿಯನ್ನು ನೀವೇ ಮೊದಲು ಹೇಳಿ. ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಸುಳ್ಳು ಲೆಕ್ಕ ಒಪ್ಪಿಕೊಂಡದ್ದು 2009ರ ಜನವರಿ 7ರಂದು. ಅಷ್ಟರಲ್ಲಿ ಮೋಸ 7,000 ಕೋಟಿ ರೂಪಾಯಿ ದಾಟಿತ್ತು. ಮುಚ್ಚಿಟ್ಟ ನಷ್ಟ ಬಡ್ಡಿ ಸಮೇತ ಹೊರಬರುತ್ತದೆ.

2. ಒಳಮನೆ ತೆರೆದಿಡಿ. ಬೆಂಗಳೂರಿನ ಎಂಟಿಆರ್‌ನಲ್ಲಿ ಯಜ್ಞನಾರಾಯಣ ಮಯ್ಯರು ಗಿರಾಕಿಗಳಿಗೆ ಅಡುಗೆಮನೆ ನೋಡಲು ಬಿಟ್ಟರು. ನಿಮ್ಮ ತಕ್ಕಡಿಯ ಮುಖವೂ ಗಿರಾಕಿಯ ಕಡೆಗಿರಲಿ.

3. ಚಿಲ್ಲರೆ ಕಾಸನ್ನೂ ಗೌರವಿಸಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಪಡೆದರು. ಇಂದಿಗೂ ಸಂಜೆ ಪಿಗ್ಮಿಯವರು ಬಂದರೆ ಅಂಗಡಿಯವರು ಮಾತಿಲ್ಲದೆ ಗಲ್ಲಾಪೆಟ್ಟಿಗೆ ತೆರೆದು ನೋಟು ಎಣಿಸಿ ಕೊಡುತ್ತಾರೆ. ಆ ಭರವಸೆ ದಿನದಿನವೂ ಬಂದು ಗಳಿಸಿದ್ದು.

4. ಸಂಬಳದ ತಾರೀಖು ತಪ್ಪಿಸಬೇಡಿ. ಕೈ ಕಟ್ಟಿದ ತಿಂಗಳು ಮೊದಲು ನಿಲ್ಲಬೇಕಾದದ್ದು ನಿಮ್ಮ ಸಂಬಳ, ಕೆಲಸಗಾರರದ್ದಲ್ಲ. ಅವರ ಮನೆ ಬಾಡಿಗೆ ನಿಮ್ಮ ವಸೂಲಿಗಾಗಿ ಕಾಯುವುದಿಲ್ಲ.

5. ಬೆಳೆದದ್ದನ್ನು ಹಂಚಿಕೊಳ್ಳಿ. 1981ರಲ್ಲಿ ಏಳು ಮಂದಿ ಕಟ್ಟಿದ ಇನ್ಫೋಸಿಸ್, 1990ರ ದಶಕದಲ್ಲಿ ನೌಕರರಿಗೂ ಷೇರು ಕೊಟ್ಟಿತು. ‘ಇದು ನಮ್ಮ ಕಂಪನಿ’ ಎಂಬ ಮಾತಿಗೆ ಆಗ ಅರ್ಥ ಬಂತು.

6. ತಪ್ಪು ನಿಮ್ಮದಲ್ಲದಿದ್ದರೂ ಹೊಣೆ ಹೊರಿ. 1982ರಲ್ಲಿ ಶಿಕಾಗೊ ಪ್ರದೇಶದಲ್ಲಿ ಯಾರೋ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ಬೆರೆಸಿದ್ದರಿಂದ ಏಳು ಮಂದಿ ಸತ್ತರು. ವಿಷ ಸೇರಿದ್ದು ಕಾರ್ಖಾನೆಯಲ್ಲಲ್ಲ. ಆದರೂ ಆ ಔಷಧದ ಒಡೆಯ ಕಂಪನಿ ಜಾನ್ಸನ್ ಅಂಡ್ ಜಾನ್ಸನ್‌ನ ಮುಖ್ಯಸ್ಥ ಜೇಮ್ಸ್ ಬರ್ಕ್ ದೇಶದುದ್ದಕ್ಕೂ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸ್ ತರಿಸಿದರು. ಸುಮಾರು 10 ಕೋಟಿ ಡಾಲರ್ ಕೈಬಿಟ್ಟು ಹೋಯಿತು. ಬಿಚ್ಚಿದರೆ ಗೊತ್ತಾಗುವಂಥ ಭದ್ರ ಮುಚ್ಚಳದೊಂದಿಗೆ ಅದೇ ಔಷಧ ಅಂಗಡಿಗೆ ಮರಳಿದಾಗ ಜನ ಮತ್ತೆ ಕೊಂಡರು.

ಈ ತಿಂಗಳು ನೀವು ಯಾರಿಗೋ ಹೇಳದೆ ಉಳಿಸಿಕೊಂಡಿರುವ ಒಂದು ಕಹಿ ಸತ್ಯ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊದಲು ಅದನ್ನು ಹೇಳಿಬಿಡಿ.