ಅಣ್ವಸ್ತ್ರದ ಲೆಕ್ಕ ಜನರ ಮುಂದಿಟ್ಟ ಪ್ರಿನ್ಸ್‌ಟನ್

ನಿಶ್ಶಸ್ತ್ರೀಕರಣ ಎಂದೊಡನೆ ಪರೀಕ್ಷೆಯ ಅಭ್ಯರ್ಥಿಗಳು ಒಪ್ಪಂದಗಳ ಇಸವಿಗಳನ್ನಷ್ಟೇ ಬಾಯಿಪಾಠ ಮಾಡುತ್ತಾರೆ. ಅದರ ಹಿಂದಿರುವ ವಿಜ್ಞಾನವನ್ನೂ ಓದಬೇಕು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 'ವಿಜ್ಞಾನ ಮತ್ತು ಜಾಗತಿಕ ಭದ್ರತೆ' ವಿಭಾಗ 1970ರ ದಶಕದಿಂದ ಆ ವಿಜ್ಞಾನದ ಅಧ್ಯಯನದಲ್ಲಿ ತೊಡಗಿದೆ. ಭೌತವಿಜ್ಞಾನಿ ಫ್ರ್ಯಾಂಕ್ ವಾನ್ ಹಿಪ್ಪೆಲ್ ಇದರ ಸ್ಥಾಪಕರಲ್ಲೊಬ್ಬರು.

2019ರಲ್ಲಿ ಇಲ್ಲಿನ ಸಂಶೋಧಕರು 'ಪ್ಲಾನ್ ಎ' ಎಂಬ ಕಿರು ವಿಡಿಯೊ ಬಿಡುಗಡೆ ಮಾಡಿದರು. ರಷ್ಯಾ ಮತ್ತು ನ್ಯಾಟೊ ನಡುವೆ ಅಣುಯುದ್ಧ ನಡೆದರೆ ಮೊದಲ ಕೆಲವೇ ಗಂಟೆಗಳಲ್ಲಿ 3.41 ಕೋಟಿ ಜನ ಸತ್ತು, 5.74 ಕೋಟಿ ಜನ ಗಾಯಗೊಳ್ಳುತ್ತಾರೆ ಎಂಬುದು ಅದರ ಅಂದಾಜು. ವಿಕಿರಣದ ದೂಳಿನಿಂದ ಮುಂದೆ ಆಗುವ ಸಾವುಗಳು ಇದರಲ್ಲಿ ಸೇರಿಲ್ಲ. ಭೂಪಟದ ಮೇಲೆ ನಗರಗಳು ಒಂದೊಂದಾಗಿ ಬೆಳಗಿ ಆರುವುದನ್ನು ಒಮ್ಮೆಯಾದರೂ ನೋಡಿ. ಯಾವ ಪಠ್ಯಪುಸ್ತಕವೂ ಇಷ್ಟು ನೇರವಾಗಿ ಹೇಳಿಲ್ಲ.

2006ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ವಿದಳನ ವಸ್ತುಗಳ ಸಮಿತಿಯ ನೆಲೆಯೂ ಇಲ್ಲೇ. ಬಾಂಬಿಗೆ ಬೇಕಾದ ಪ್ಲುಟೋನಿಯಂ ಹಾಗೂ ಹೆಚ್ಚು ಸಂವರ್ಧಿತ ಯುರೇನಿಯಂ, ಅಂದರೆ ಯುರೇನಿಯಂ-235 ಪ್ರಮಾಣ ಶೇ 20 ಅಥವಾ ಹೆಚ್ಚಿರುವಂಥದ್ದು, ಯಾರ ಬಳಿ ಎಷ್ಟಿದೆ ಎಂದು ಅದು ಅಂದಾಜಿಸುತ್ತದೆ.

ಪರೀಕ್ಷೆಯಲ್ಲಿ ಎರಡು ಒಪ್ಪಂದಗಳನ್ನು ಬೆರೆಸಬೇಡಿ: ಪ್ರಸರಣ ತಡೆ ಒಪ್ಪಂದ ಜಾರಿಗೆ ಬಂದದ್ದು 1970ರಲ್ಲಿ, ಅಣ್ವಸ್ತ್ರ ನಿಷೇಧ ಒಪ್ಪಂದ 2021ರಲ್ಲಿ. ಭಾರತ ಎರಡಕ್ಕೂ ಸಹಿ ಹಾಕಿಲ್ಲ.